ರಾಝಿಯ ಎರಡು ಗುಂಪುಗಳು: ವೈದ್ಯನ ಅನುಭವ ಮತ್ತು ಪರೀಕ್ಷೆಯ ಸಾಕ್ಷ್ಯ

ಕೆಲವು ದಿನಗಳಿಂದ ತಲೆಯಲ್ಲೂ ಕುತ್ತಿಗೆಯಲ್ಲೂ ಭಾರ ಮತ್ತು ನೋವು. ಬೆಳಕನ್ನು ಸಹಿಸಲಾಗದೆ ಮುಖ ತಿರುಗಿಸುವುದು. ಕಣ್ಣುಗಳಿಂದ ನೀರು ಸುರಿಯುವುದು, ಮೇಲಿಂದ ಮೇಲೆ ಆಕಳಿಕೆ, ಮೈಮುರಿತ, ನಿದ್ರಾಹೀನತೆ, ವಿಪರೀತ ಬಳಲಿಕೆ. ಹಿಜರಿ ಮೂರನೆಯ ಶತಮಾನದ ಕೊನೆಯ ಭಾಗದಲ್ಲಿ ರೈ ಅಥವಾ ಬಗ್ದಾದ್ ನಗರದ ಆಸ್ಪತ್ರೆಗೆ ಇಂತಹ ರೋಗಿಯು ಬಂದರೆ, ‘ಸರ್ಸಾಮ್’ ಎಂಬ ಮಾರಕ ಕಾಯಿಲೆಯು ಸಮೀಪಿಸುತ್ತಿದೆಯೆಂದು ಅಲ್ಲಿನ ಮುಖ್ಯ ವೈದ್ಯರು ಗುರುತಿಸುತ್ತಿದ್ದರು. ಇಂದು ಮೆನಿಂಜೈಟಿಸ್ ಎಂದು ಕರೆಯಲಾಗುವ, ಮೆದುಳಿನ ಪೊರೆಯ ಉರಿಯೂತಕ್ಕೆ ಅದು ಬಹಳ ಹತ್ತಿರದ ಕಾಯಿಲೆ. ಆ ವೈದ್ಯರ ಹೆಸರು ಅಬೂಬಕ್ರ್ ಮುಹಮ್ಮದ್ ಬಿನ್ ಝಕರಿಯ್ಯಾ ಅರ್ರಾಝಿ.

ಈ ಲಕ್ಷಣಗಳನ್ನು ತಮ್ಮ ಟಿಪ್ಪಣಿಯಲ್ಲಿ ಒಂದೊಂದಾಗಿ ಬರೆದಿಟ್ಟ ರಾಝಿಯವರು, ಇವುಗಳನ್ನು ಕಂಡೊಡನೆ ರೋಗಿಯ ರಕ್ತನಾಳವನ್ನು ಕೊಯ್ದು ರಕ್ತ ಹೊರತೆಗೆಯಬೇಕೆಂದು ಸೂಚಿಸುತ್ತಾರೆ. (ಇದು ನಮ್ಮಲ್ಲಿ ಅನೇಕರಿಗೆ ಪರಿಚಿತವಾದ ಹಿಜಾಮಾ ಅಲ್ಲ, ‘ಫಸ್ದ್’ ಎಂದು ಕರೆಯಲಾಗುತ್ತಿದ್ದ ಬೇರೆಯೇ ವಿಧಾನ.) ಅದುವರೆಗೂ ಆ ಬರಹವು ಆ ಕಾಲದ ಯಾವುದೇ ವೈದ್ಯಗ್ರಂಥದಂತೆಯೇ ಇದೆ. ಆದರೆ ಅದರ ಬೆನ್ನಿಗೇ ಅವರು ಮತ್ತೊಂದು ವಿಷಯವನ್ನು ಸೇರಿಸುತ್ತಾರೆ. ಒಮ್ಮೆ ತಾವು ಒಂದು ಗುಂಪಿನ ರೋಗಿಗಳಿಗೆ ರಕ್ತ ತೆಗೆದು ಅವರನ್ನು ಕಾಪಾಡಿದ್ದಾಗಿಯೂ, ಇನ್ನೊಂದು ಗುಂಪಿನವರಿಗೆ ಬೇಕೆಂದೇ ರಕ್ತ ತೆಗೆಯದೆ ಬಿಟ್ಟಿದ್ದಾಗಿಯೂ, ಈ ವಿಷಯದಲ್ಲಿ ಖಚಿತ ಅಭಿಪ್ರಾಯಕ್ಕೆ ಬರುವುದಕ್ಕಾಗಿಯೇ ಹಾಗೆ ಮಾಡಿದ್ದಾಗಿಯೂ ತಿಳಿಸುತ್ತಾರೆ. ಬಿಟ್ಟ ಗುಂಪಿನವರೆಲ್ಲರಿಗೂ ಸರ್ಸಾಮ್ ತಗುಲಿತಂತೆ.

ಕೆಲವೇ ಪದಗಳಲ್ಲಿ ಮುಗಿದುಹೋಗುವ ಈ ಮಾತಿನ ಮೇಲೆ ವೈದ್ಯಕೀಯ ಇತಿಹಾಸಕಾರರು ಇಂದಿಗೂ ಚರ್ಚಿಸುತ್ತಿದ್ದಾರೆ. ಇದನ್ನು ಮುಸ್ಲಿಮ್ ಜಗತ್ತಿನ ಹೆಮ್ಮೆಯ ಪಟ್ಟಿಗೆ ಸೇರಿಸಿ, ಕ್ಲಿನಿಕಲ್ ಟ್ರಯಲ್ ಅನ್ನು ಕಂಡುಹಿಡಿದವರು ನಾವೇ ಎಂದು ಸಾರಿ ಮುಂದೆ ಹೋಗುವವರೂ ಇದ್ದಾರೆ. ಹಾಗೆ ಮುಂದೆ ಹೋಗುವುದರಿಂದ ರಾಝಿಯವರಿಗೆ ನ್ಯಾಯ ಸಿಗುವುದಿಲ್ಲ, ನಮಗೂ ಪ್ರಯೋಜನವಿಲ್ಲ. ಅಪಾರ ಅನುಭವವಿದ್ದ ವೈದ್ಯರೊಬ್ಬರಿಗೆ ತಮ್ಮ ಅನುಭವವೇ ಏಕೆ ಸಾಲದಾಯಿತು ಎಂಬುದು ಇಲ್ಲಿ ಕೇಳಬೇಕಾದ ಪ್ರಶ್ನೆ. ಮನೆಯಲ್ಲಿ ಯಾರಿಗಾದರೂ ಗಂಭೀರ ಕಾಯಿಲೆ ಬಂದಾಗ, ‘ದೊಡ್ಡ ಡಾಕ್ಟರ್’ ಹೇಳಿದ್ದನ್ನು ನಂಬುವುದೋ, ಅಧ್ಯಯನಗಳು ಹೇಳುವುದನ್ನು ನಂಬುವುದೋ ಎಂಬ ಗೊಂದಲಕ್ಕೆ ಸಿಲುಕದ ಕುಟುಂಬ ಇಂದು ಅಪರೂಪ. ಆ ಗೊಂದಲದ ಬೇರು ಸಾವಿರ ವರ್ಷಗಳಷ್ಟು ಆಳದಲ್ಲಿದೆ.

ರಾಝಿಯವರು ಈಗಿನ ತೆಹ್ರಾನ್‌ಗೆ ಹೊಂದಿಕೊಂಡಿರುವ ರೈ ಪಟ್ಟಣದಲ್ಲಿ ಹಿಜರಿ 251ರ (ಕ್ರಿ.ಶ. 865) ಸುಮಾರಿಗೆ ಜನಿಸಿದರು. ಹಿಜರಿ 313ರಲ್ಲಿ (ಕ್ರಿ.ಶ. 925) ನಿಧನರಾದರೆಂಬುದು ಹೆಚ್ಚು ಪ್ರಚಲಿತವಿರುವ ಅಭಿಪ್ರಾಯ. ಪ್ರವಾದಿತ್ವ ಮತ್ತು ಬುದ್ಧಿಯ ಕುರಿತು ಅವರು ಹೊಂದಿದ್ದರೆನ್ನಲಾದ ವಿಚಾರಗಳನ್ನು ವಿದ್ವಾಂಸರು ಕಟುವಾಗಿ ಖಂಡಿಸಿದ್ದಾರೆ. ಅದು ಈ ಲೇಖನದ ವಿಷಯವಲ್ಲ. ವೈದ್ಯಶಾಸ್ತ್ರದಲ್ಲಿ ಅವರ ಸ್ಥಾನವನ್ನು ಮಾತ್ರ ವಿರೋಧಿಗಳೂ ಅಲ್ಲಗಳೆದಿಲ್ಲ. ರೈ ಮತ್ತು ಬಗ್ದಾದ್‌ಗಳ ಬೀಮಾರಿಸ್ತಾನಗಳಿಗೆ, ಅಂದರೆ ಆಸ್ಪತ್ರೆಗಳಿಗೆ, ಅವರು ಮುಖ್ಯಸ್ಥರಾಗಿದ್ದರು. ಅವರು ಪಾಠ ಹೇಳುತ್ತಿದ್ದ ಕ್ರಮವನ್ನು ಇಬ್ನುನ್ನದೀಮ್ ತಮ್ಮ ‘ಅಲ್-ಫಿಹ್ರಿಸ್ತ್’ ಗ್ರಂಥದಲ್ಲಿ ವಿವರಿಸಿದ್ದಾರೆ. ರಾಝಿಯವರ ಮುಂದೆ ಶಿಷ್ಯರು, ಅವರ ಮುಂದೆ ಶಿಷ್ಯರ ಶಿಷ್ಯರು, ಅವರ ಮುಂದೆ ಇನ್ನೂ ಕಿರಿಯರು ಸಾಲಾಗಿ ಕುಳಿತಿರುತ್ತಿದ್ದರು. ಒಳಬಂದ ರೋಗಿಯು ತನ್ನ ತೊಂದರೆಯನ್ನು ಮೊದಲು ಎದುರಾದ ಕಿರಿಯರಿಗೇ ಹೇಳಬೇಕಾಗಿತ್ತು. ಅವರಿಗೆ ತಿಳಿಯದಿದ್ದರೆ ಮುಂದಿನ ಸಾಲು, ಅವರಿಗೂ ತಿಳಿಯದಿದ್ದರೆ ಅದರ ಮುಂದಿನವರು. ಎಲ್ಲರೂ ಸೋತ ಮೇಲೆ ರಾಝಿಯವರು ಮಾತನಾಡುತ್ತಿದ್ದರು. ದರ್ಸ್‌ಗಳಲ್ಲಿ ಕುಳಿತು ಕಲಿತವರಿಗೆ ಈ ಚಿತ್ರ ಹೊಸದೆನಿಸಲಾರದು.

ಇಡೀ ಜೀವನ ಅವರು ಬರೆಯುತ್ತಲೇ ಇದ್ದರು. ಗ್ರೀಕ್, ಸಿರಿಯಕ್, ಭಾರತೀಯ ಹಾಗೂ ಅರಬ್ ವೈದ್ಯರು ಒಂದೊಂದು ಕಾಯಿಲೆಯ ಬಗ್ಗೆ ಹೇಳಿದ್ದನ್ನೆಲ್ಲ ಸಂಗ್ರಹಿಸಿ, ಕೊನೆಯಲ್ಲಿ ‘ನನ್ನದು’ ಎಂದು ಗುರುತು ಮಾಡಿ ತಾವು ಕಂಡದ್ದನ್ನು ಸೇರಿಸುತ್ತಿದ್ದರು. ಅವರ ಮರಣಾನಂತರ ವಝೀರ್ ಇಬ್ನುಲ್ ಅಮೀದ್ ಆ ಟಿಪ್ಪಣಿಗಳನ್ನು ಅವರ ಸಹೋದರಿಯಿಂದ ಪಡೆದು, ಶಿಷ್ಯರ ಮೂಲಕ ಕ್ರಮಪಡಿಸಿದರೆಂದು ಹೇಳಲಾಗುತ್ತದೆ. ಅದುವೇ ‘ಅಲ್-ಹಾವೀ’. 1279ರಲ್ಲಿ ಲ್ಯಾಟಿನ್ ಭಾಷೆಗೆ ಅನುವಾದಗೊಂಡ ಆ ಬೃಹತ್ ಗ್ರಂಥವು ಯೂರೋಪಿನ ವೈದ್ಯರಿಗೂ ಶತಮಾನಗಳ ಕಾಲ ಪಠ್ಯವಾಗಿತ್ತು. ಸರ್ಸಾಮ್ ರೋಗಿಗಳ ಎರಡು ಗುಂಪುಗಳ ವಿಷಯ ಬರುವುದು ಅದರಲ್ಲೇ.

ಆ ಕಾಲದಲ್ಲಿ ವೈದ್ಯಶಾಸ್ತ್ರದ ಪರಮೋಚ್ಚ ಪ್ರಮಾಣವೆಂದರೆ ಜಾಲೀನೂಸ್, ಅಂದರೆ ಗ್ರೀಕ್ ವೈದ್ಯ ಗ್ಯಾಲನ್. ಹುನೈನ್ ಬಿನ್ ಇಸ್‌ಹಾಕ್ ಮತ್ತು ಅವರ ಸಂಗಡಿಗರ ಅನುವಾದಗಳ ಮೂಲಕ ಅವನ ಗ್ರಂಥಗಳು ಬಗ್ದಾದಿನ ಪ್ರತಿಯೊಬ್ಬ ವೈದ್ಯನ ಕೈಗೂ ಬಂದಿದ್ದವು. ರಾಝಿಯವರು ಅವನನ್ನು ಗುರುವೆಂದೇ ಗೌರವಿಸಿದರು. ಆದರೂ ‘ಜಾಲೀನೂಸನ ಬಗೆಗಿನ ಸಂದೇಹಗಳು’ ಎಂಬ ಗ್ರಂಥವನ್ನೇ ಬರೆದರು. ಜ್ವರಗಳು ಹೀಗೆಯೇ ಏರಿ ಹೀಗೆಯೇ ಇಳಿಯುತ್ತವೆಂದು ಗ್ರಂಥಗಳಲ್ಲಿರುವ ವಿವರಣೆಯು ತಮ್ಮ ಆಸ್ಪತ್ರೆಗಳ ರೋಗಿಗಳಲ್ಲಿ ಎಷ್ಟೋ ಬಾರಿ ಕಂಡುಬರಲಿಲ್ಲವೆಂಬುದು ಅವರ ಆಕ್ಷೇಪಗಳಲ್ಲೊಂದು. ಗುರುವಿನ ಮಾತನ್ನು ಅವರು ತಮ್ಮ ದಾಖಲೆಯ ಮುಂದಿಟ್ಟು ನೋಡಿದರು.

ಸರ್ಸಾಮ್ ವಿಷಯದಲ್ಲಿ ಅವರು ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ, ತಮ್ಮ ಸ್ವಂತ ಅನುಭವವನ್ನೂ ಸಂದೇಹಿಸಿದರು. ರಕ್ತ ತೆಗೆದವರು ಗುಣವಾಗುವುದನ್ನು ಅವರು ಹಲವು ಬಾರಿ ಕಂಡಿದ್ದಿರಬೇಕು. ಆದರೆ ರಕ್ತ ತೆಗೆಯದಿದ್ದರೆ ಏನಾಗುತ್ತಿತ್ತು? ಎಲ್ಲರಿಗೂ ಒಂದೇ ಚಿಕಿತ್ಸೆ ನೀಡುವ ವೈದ್ಯನು ನಲುವತ್ತು ವರ್ಷ ದುಡಿದರೂ ಈ ಪ್ರಶ್ನೆಗೆ ಉತ್ತರ ಪಡೆಯಲಾರ. ಗುಣವಾದವನು ಔಷಧಿಯಿಂದ ಗುಣವಾದನೋ, ಔಷಧಿಯ ಹೊರತಾಗಿಯೂ ಗುಣವಾದನೋ ಎಂಬುದು ಅವನಿಗೆ ಕಾಣುವುದಿಲ್ಲ. ಅನುಭವದ ಈ ಮಿತಿಯನ್ನು ರಾಝಿಯವರು ಅರಿತಿದ್ದರು.

ಹದೀಸ್ ಶಾಸ್ತ್ರದ ವಿದ್ಯಾರ್ಥಿಗಳಿಗೆ ಇದನ್ನು ಸುಲಭವಾಗಿ ತಿಳಿಸಬಹುದು. ವರದಿಗಾರನೊಬ್ಬನ ಮಾತನ್ನು ಸ್ವೀಕರಿಸುವ ಮೊದಲು ಮುಹದ್ದಿಸರು ಎರಡು ಗುಣಗಳನ್ನು ಪರಿಶೀಲಿಸುತ್ತಿದ್ದರು: ಒಂದು ‘ಅದಾಲತ್’, ಅಂದರೆ ಅವನ ಪ್ರಾಮಾಣಿಕತೆ ಮತ್ತು ಧರ್ಮನಿಷ್ಠೆ, ಇನ್ನೊಂದು ‘ದಬ್ತ್’, ಅಂದರೆ ಕೇಳಿದ್ದನ್ನು ಏರುಪೇರಿಲ್ಲದೆ ಉಳಿಸಿಕೊಳ್ಳುವ ನಿಖರತೆ. ಮಹಾ ಸಜ್ಜನನಾಗಿದ್ದು ನೆನಪು ಸಡಿಲವಾಗಿದ್ದರೆ ಅವನ ವರದಿ ದುರ್ಬಲವೇ. ಅದರಿಂದ ಅವನ ಸಜ್ಜನಿಕೆಗೆ ಕುಂದು ಬರುತ್ತಿರಲಿಲ್ಲ. ತಜ್ಞವೈದ್ಯರ ಅನುಭವದ ಬಗ್ಗೆಯೂ ಸಂದೇಹವಿರುವುದು ಎರಡನೆಯ ಗುಣದಲ್ಲಿ. ಗುಣವಾದ ರೋಗಿಯು ಸಿಹಿ ಹಿಡಿದುಕೊಂಡು ಮರಳಿ ಬರುತ್ತಾನೆ. ಗುಣವಾಗದವನು ಬೇರೆ ವೈದ್ಯರ ಬಳಿಗೆ ಹೋಗುತ್ತಾನೆ, ಇಲ್ಲವೇ ಕಬ್ರಸ್ತಾನಕ್ಕೆ. ವೈದ್ಯರ ನೆನಪಿನಲ್ಲಿ ಉಳಿಯುವುದು ಹೆಚ್ಚಾಗಿ ಸಿಹಿ ತಂದವನ ಮುಖ. ಇದರಲ್ಲಿ ಮೋಸವಿಲ್ಲ, ಮನುಷ್ಯನ ನೆನಪು ಇರುವುದೇ ಹಾಗೆ.

ಇನ್ನು, ರಾಝಿಯವರ ಅಭಿಮಾನಿಗಳು ಸಾಮಾನ್ಯವಾಗಿ ಮುಟ್ಟದ ಮಾತಿಗೆ ಬರೋಣ. ಅವರ ಪರೀಕ್ಷೆಯು ಕೊಟ್ಟ ಉತ್ತರ ತಪ್ಪಾಗಿತ್ತು. ರಕ್ತ ತೆಗೆಯುವುದು ಮೆನಿಂಜೈಟಿಸ್‌ಗೆ ಚಿಕಿತ್ಸೆಯಲ್ಲವೆಂಬುದು ಇಂದು ವೈದ್ಯಶಾಸ್ತ್ರಕ್ಕೆ ತಿಳಿದಿದೆ. ಪ್ರಶ್ನೆ ಇಷ್ಟು ಸರಿಯಾಗಿದ್ದೂ ಉತ್ತರವೇಕೆ ತಪ್ಪಿತು? ಅವರ ಗುಂಪುಗಳಲ್ಲಿ ಎಷ್ಟು ಮಂದಿಯಿದ್ದರೆಂಬುದು ಆ ಬರಹದಲ್ಲಿಲ್ಲ. ಯಾರು ಯಾವ ಗುಂಪಿಗೆ ಸೇರಬೇಕೆಂಬುದನ್ನು ನಿರ್ಧರಿಸಿದ ಬಗೆಯೂ ಇಲ್ಲ. ರಕ್ತ ತೆಗೆಯಲು ಗಟ್ಟಿಮುಟ್ಟಾದವರನ್ನು ಆರಿಸುವುದು ಆ ಕಾಲದ ರೂಢಿ. ಮಕ್ಕಳು, ವೃದ್ಧರು, ಬಲಗುಂದಿದವರಿಗೆ ಅದನ್ನು ಮಾಡುತ್ತಿರಲಿಲ್ಲ. ಹಾಗಾಗಿ ಮೊದಲೇ ಬಲವಾಗಿದ್ದವರು ಒಂದು ಕಡೆಗೂ ದುರ್ಬಲರು ಇನ್ನೊಂದು ಕಡೆಗೂ ಸೇರಿದ್ದರೆ, ಉಳಿದವರನ್ನು ಉಳಿಸಿದ್ದು ಅವರ ದೇಹಬಲವೇ ಹೊರತು ಚಿಕಿತ್ಸೆಯಲ್ಲ. ಕೊನೆಯಲ್ಲಿ ಯಾರಿಗೆ ಸರ್ಸಾಮ್ ಬಂತು, ಯಾರಿಗೆ ಬರಲಿಲ್ಲವೆಂದು ತೀರ್ಮಾನಿಸಿದ್ದೂ ಅದೇ ಕಣ್ಣುಗಳು. ಹೋಲಿಕೆಯ ಜೊತೆಗೆ ಇನ್ನೂ ಏನೋ ಬೇಕಾಗಿತ್ತು. ಅದು ಮನುಷ್ಯರ ಕೈಗೆ ಸಿಗಲು ಸಾವಿರ ವರ್ಷಗಳೇ ಹಿಡಿದವು.

ರಾಝಿಯವರು ನಿಧನರಾಗಿ ಆರು ವರ್ಷಗಳಾದ ಮೇಲೆ, ಹಿಜರಿ 319ರಲ್ಲಿ (ಕ್ರಿ.ಶ. 931), ಬಗ್ದಾದಿನಲ್ಲಿ ವೈದ್ಯನೊಬ್ಬನ ತಪ್ಪಿನಿಂದಾಗಿ ರೋಗಿಯು ಮರಣಹೊಂದಿದ ಸುದ್ದಿ ಖಲೀಫ ಅಲ್-ಮುಕ್ತದಿರ್‌ಗೆ ತಲುಪಿತು. ಸಿನಾನ್ ಬಿನ್ ಸಾಬಿತ್‌ರವರು ಪರೀಕ್ಷಿಸಿ ಅನುಮತಿ ನೀಡದ ಹೊರತು ಯಾರೂ ವೈದ್ಯವೃತ್ತಿ ನಡೆಸಕೂಡದೆಂದು ಆಜ್ಞೆಯಾಯಿತು. ನಗರದಲ್ಲಿ ಪರೀಕ್ಷೆಗೆ ಒಳಗಾದವರ ಸಂಖ್ಯೆ 860ನ್ನು ಮೀರಿತ್ತೆಂದು ಇತಿಹಾಸಕಾರರು ಬರೆದಿದ್ದಾರೆ. ಅವರಲ್ಲೊಬ್ಬರ ಕಥೆಯಂತೂ ಸ್ವಾರಸ್ಯಕರ. ಒಳ್ಳೆಯ ಉಡುಪಿನ, ಗಂಭೀರ ಮುಖದ ವೃದ್ಧರೊಬ್ಬರು ಬಂದು ಸಿನಾನ್‌ರ ಮುಂದೆ ಕುಳಿತರು. ಎಲ್ಲರೂ ಹೋದ ಮೇಲೆ ಚಿನ್ನದ ನಾಣ್ಯಗಳ ಚೀಲವೊಂದನ್ನು ಮುಂದಿಟ್ಟು, ತನಗೆ ಓದು ಬರಹ ಬಾರದೆಂದೂ, ಸಂಸಾರ ದೊಡ್ಡದೆಂದೂ, ಜೀವನೋಪಾಯವನ್ನು ಕಸಿಯಬಾರದೆಂದೂ ಬೇಡಿಕೊಂಡರು. ಸಿನಾನ್ ನಕ್ಕು, ತಿಳಿಯದ ಕಾಯಿಲೆಗೆ ಕೈಹಾಕಬಾರದು, ರಕ್ತ ತೆಗೆಯಬಾರದು, ಸಣ್ಣಪುಟ್ಟ ತೊಂದರೆಗಳಿಗಲ್ಲದೆ ಭೇದಿ ಔಷಧಿ ಕೊಡಬಾರದು ಎಂಬ ಷರತ್ತಿನ ಮೇಲೆ ಅನುಮತಿಯಿತ್ತರು. ತನ್ನ ಜೀವಮಾನದಲ್ಲಿ ಸಿಕಂಜಬೀನ್ ಮತ್ತು ಜುಲಾಬ್ ಪಾನಕಗಳನ್ನು ದಾಟಿ ಹೋಗಿಯೇ ಇಲ್ಲವೆಂದು ವೃದ್ಧರು ಉತ್ತರಿಸಿದರಂತೆ. ಮರುದಿನ ಬಂದ ಯುವಕನೊಬ್ಬನನ್ನು ಯಾರ ಬಳಿ ಕಲಿತೆಯೆಂದು ಕೇಳಿದಾಗ, ನಿನ್ನೆ ಬಂದಿದ್ದ ಆ ವೃದ್ಧರೇ ತನ್ನ ತಂದೆಯೆಂದನು!

ಈ ಕಥೆಯನ್ನು ನಗುವುದಕ್ಕಾಗಿ ಹೇಳುತ್ತಾರೆ. ಆದರೆ ತನ್ನ ಅನುಭವ ಎಲ್ಲಿಗೆ ನಿಲ್ಲುತ್ತದೆಂದು ತಿಳಿದು ಪಾನಕಗಳಲ್ಲೇ ನಿಂತ ಆ ನಿರಕ್ಷರಿಯು, ಹತ್ತು ಗ್ರಂಥಗಳನ್ನೋದಿ ಎಲ್ಲರ ರಕ್ತ ತೆಗೆಯುತ್ತಿದ್ದವನಿಗಿಂತ ಕಡಿಮೆ ಜನರಿಗೆ ಹಾನಿ ಮಾಡಿದ್ದಿರಬಹುದು ಎಂಬುದು ನನ್ನ ಅಭಿಪ್ರಾಯ.

ನಂತರದ ಶತಮಾನದಲ್ಲಿ ಇಬ್ನು ಸೀನಾ (ಕ್ರಿ.ಶ. 980–1037) ‘ಅಲ್-ಕಾನೂನ್’ ಗ್ರಂಥದ ಎರಡನೆಯ ಭಾಗದಲ್ಲಿ, ಔಷಧಿಯೊಂದರ ಗುಣವನ್ನು ತಜ್ರಿಬಾ, ಅಂದರೆ ಪ್ರಯೋಗಾನುಭವದ ಮೂಲಕ ಅರಿಯಲು ಏಳು ಷರತ್ತುಗಳನ್ನು ವಿಧಿಸಿದರು. ಔಷಧಿಯಲ್ಲಿ ಹೊರಗಿನ ಗುಣಗಳು ಬೆರೆತಿರಬಾರದು. ಹಲವು ಕಾಯಿಲೆಗಳು ಸೇರಿಕೊಂಡವನ ಮೇಲಲ್ಲ, ಒಂದೇ ಕಾಯಿಲೆಯಿರುವವನ ಮೇಲೆ ಪರೀಕ್ಷಿಸಬೇಕು. ಪರಿಣಾಮವು ಯಾವಾಗ ಕಾಣಿಸಿಕೊಂಡಿತೆಂದು ಗಮನಿಸಬೇಕು ಎಂಬಂಥವು ಅವುಗಳಲ್ಲಿವೆ. ಕೊನೆಯ ಎರಡು ಷರತ್ತುಗಳನ್ನು ಇಂದಿನ ಯಾವ ವೈದ್ಯಕೀಯ ಕಾಲೇಜಿನ ಗೋಡೆಯ ಮೇಲಾದರೂ ಬರೆಯಬಹುದು: ಪರಿಣಾಮವು ಯಾವಾಗಲೂ ಅಥವಾ ಬಹುತೇಕ ಸಂದರ್ಭಗಳಲ್ಲಿ ಕಂಡುಬರಬೇಕು, ಇಲ್ಲವಾದರೆ ಅದು ಆಕಸ್ಮಿಕ, ಮತ್ತು ಪರೀಕ್ಷೆ ಮನುಷ್ಯದೇಹದ ಮೇಲೆಯೇ ನಡೆಯಬೇಕು, ಸಿಂಹ ಅಥವಾ ಕುದುರೆಗೆ ಆದದ್ದು ಮನುಷ್ಯನಿಗೆ ಆಗಲೇಬೇಕೆಂದಿಲ್ಲ. ಆದರೆ ಹೋಲಿಸಬೇಕಾದ ಎರಡನೆಯ ಗುಂಪು ಇಬ್ನು ಸೀನಾರ ಷರತ್ತುಗಳಲ್ಲಿ ಇಲ್ಲ. ಆ ವಿಷಯದಲ್ಲಿ ರಾಝಿಯವರೇ ಮುಂದಿದ್ದರು.

ರಕ್ತ ತೆಗೆಯುವ ಚಿಕಿತ್ಸೆಯು ಮುಂದೆ ಯೂರೋಪಿನಲ್ಲೂ ನಿರಾತಂಕವಾಗಿ ನಡೆಯಿತು. ಹತ್ತೊಂಬತ್ತನೆಯ ಶತಮಾನದಲ್ಲಿ ಪ್ಯಾರಿಸ್ಸಿನ ಪಿಯರ್ ಲೂಯಿ ಎಂಬ ವೈದ್ಯನು ನ್ಯುಮೋನಿಯಾದ 77 ರೋಗಿಗಳ ದಾಖಲೆಗಳನ್ನು ಮುಂದಿಟ್ಟುಕೊಂಡು, ಬೇಗ ರಕ್ತ ತೆಗೆದವರನ್ನೂ ತಡವಾಗಿ ತೆಗೆದವರನ್ನೂ ಎಣಿಸಿ ಹೋಲಿಸಿದ. ಎಲ್ಲರೂ ನಂಬಿದ್ದಷ್ಟು ಪ್ರಯೋಜನ ಅದರಲ್ಲಿರಲಿಲ್ಲ. ರೋಗಿಗಳನ್ನು ಹೀಗೆ ಎಣಿಸುವುದು ವೈದ್ಯಕಲೆಗೆ ಅವಮಾನವೆಂದು ಸಮಕಾಲೀನ ವೈದ್ಯರಲ್ಲಿ ಹಲವರು ಆಕ್ಷೇಪಿಸಿದರು.

ರಾಝಿಯವರ ಪರೀಕ್ಷೆಯಲ್ಲಿ ಇಲ್ಲದಿದ್ದುದು ಕೊನೆಗೆ ದೊರೆತದ್ದು ಎರಡನೆಯ ಮಹಾಯುದ್ಧದ ನಂತರದ ಬ್ರಿಟನ್ನಿನಲ್ಲಿ. ಕ್ಷಯರೋಗಕ್ಕೆ ಸ್ಟ್ರೆಪ್ಟೊಮೈಸಿನ್ ಎಂಬ ಹೊಸ ಔಷಧಿ ಬಂದಿತ್ತು. ಆದರೆ ಅಮೆರಿಕದಿಂದ ಬರುತ್ತಿದ್ದ ಪ್ರಮಾಣ ಅತ್ಯಲ್ಪ. ಎಲ್ಲರಿಗೂ ಕೊಡಲು ಹೇಗೂ ಸಾಧ್ಯವಿಲ್ಲವೆಂದ ಮೇಲೆ, ಯಾರಿಗೆ ಕೊಡಬೇಕೆಂಬುದನ್ನು ವೈದ್ಯರ ಆಯ್ಕೆಗೆ ಬಿಡದೆ ಅದೃಷ್ಟದ ಚೀಟಿಗೆ ಬಿಡುವುದು ಅನ್ಯಾಯವಲ್ಲವೆಂದು ತೀರ್ಮಾನಿಸಲಾಯಿತು. ಸಂಖ್ಯಾಶಾಸ್ತ್ರಜ್ಞ ಆಸ್ಟಿನ್ ಬ್ರಾಡ್‌ಫೋರ್ಡ್ ಹಿಲ್ ಹಂಚಿಕೆಯನ್ನು ಮೊದಲೇ ಸಿದ್ಧಪಡಿಸಿ ಮುಚ್ಚಿದ ಲಕೋಟೆಗಳಲ್ಲಿಟ್ಟರು. ರೋಗಿಯನ್ನು ಸೇರಿಸಿಕೊಂಡ ಮೇಲೆಯೇ ಲಕೋಟೆ ತೆರೆಯಬೇಕಾಗಿತ್ತು. ಎಕ್ಸ್‌ರೇ ಚಿತ್ರಗಳನ್ನು ನೋಡಿ ತೀರ್ಪು ಕೊಟ್ಟವರಿಗೆ ಅದು ಯಾವ ಗುಂಪಿನವರದೆಂದು ತಿಳಿದಿರಲಿಲ್ಲ. 1948ರಲ್ಲಿ ಪ್ರಕಟವಾದ ಫಲಿತಾಂಶದ ಪ್ರಕಾರ, ಆರು ತಿಂಗಳಲ್ಲಿ ಔಷಧಿ ಪಡೆದ 55 ಮಂದಿಯಲ್ಲಿ 4 ಮಂದಿಯೂ, ಹಾಸಿಗೆಯ ವಿಶ್ರಾಂತಿ ಮಾತ್ರ ಪಡೆದ 52 ಮಂದಿಯಲ್ಲಿ 14 ಮಂದಿಯೂ ಮೃತಪಟ್ಟಿದ್ದರು. ಜೊತೆಗೆ, ದಿನ ಕಳೆದಂತೆ ರೋಗಾಣುಗಳು ಈ ಔಷಧಿಗೆ ಬಗ್ಗದೆ ನಿಲ್ಲುತ್ತವೆಂಬ ಕಹಿ ಸತ್ಯವನ್ನೂ ಅದೇ ಪ್ರಯೋಗ ಹೊರಗೆಡಹಿತು.

ರಾಝಿಯವರು ಒಂದು ಗುಂಪನ್ನು ‘ಬೇಕೆಂದೇ ಬಿಟ್ಟ’ ಸಂಗತಿಯನ್ನು ಓದುವಾಗ ಉಂಟಾಗುವ ಕಸಿವಿಸಿಗೆ ಇಲ್ಲಿ ಒಂದು ಉತ್ತರವಿದೆ. ಔಷಧಿಯಿಂದ ಪ್ರಯೋಜನವಿದೆಯೆಂದು ಖಚಿತವಾಗಿ ತಿಳಿದಿದ್ದೂ ಒಬ್ಬನಿಗೆ ಅದನ್ನು ತಡೆಹಿಡಿಯುವುದು ಅಕ್ರಮ. ಯಾರಿಗೂ ತಿಳಿಯದಿರುವಾಗ ತಿಳಿದವರಂತೆ ಎಲ್ಲರಿಗೂ ಕೊಡುತ್ತಾ ಹೋಗುವುದು ಕೂಡಾ ಪರೀಕ್ಷೆಯೇ. ಅಲ್ಲಿ ಯಾರೂ ಲೆಕ್ಕ ಇಡುವುದಿಲ್ಲವೆಂಬುದಷ್ಟೇ ವ್ಯತ್ಯಾಸ.

ಇನ್ನು ನಮ್ಮದೇ ನೆಲಕ್ಕೆ ಬರೋಣ. ಹಳೆಯ ತಲೆಮಾರಿನ ಮೈಸೂರಿನವರಿಗೆ ‘ಪಿ.ಕೆ. ಸ್ಯಾನಿಟೋರಿಯಂ’ ಎಂದರೆ ಸಾಕು. ಕ್ಷಯಕ್ಕೆ ಬಲಿಯಾದ ರಾಜಕುಮಾರಿ ಕೃಷ್ಣಾಜಮ್ಮಣ್ಣಿಯವರ ಹೆಸರಿನಲ್ಲಿ ನಿರ್ಮಾಣವಾದ ಆಸ್ಪತ್ರೆಯದು. ಶುದ್ಧ ಗಾಳಿ, ಸಂಪೂರ್ಣ ವಿಶ್ರಾಂತಿ, ಹಾಲು ಮೊಟ್ಟೆಗಳ ಪೌಷ್ಟಿಕ ಆಹಾರ, ಮನೆಯವರಿಂದ ದೂರವಿರುವುದು: ಕ್ಷಯರೋಗಿಗೆ ಇವು ಅನಿವಾರ್ಯವೆಂದು ಜಗತ್ತಿನ ಎಲ್ಲ ತಜ್ಞರೂ ದೀರ್ಘಕಾಲದ ಅನುಭವದಿಂದ ಹೇಳುತ್ತಿದ್ದರು. ಅವರ ಮಾತಿಗೆ ಎದುರಾಡುವ ಧೈರ್ಯ ಯಾರಿಗಿತ್ತು? ಆದರೆ ದೇಶದಲ್ಲಿ ರೋಗಿಗಳು ಲಕ್ಷಾಂತರ, ಸ್ಯಾನಿಟೋರಿಯಂ ಹಾಸಿಗೆಗಳಾದರೋ ಅದರ ಸಣ್ಣದೊಂದು ಪಾಲಿಗೂ ಸಾಲುತ್ತಿರಲಿಲ್ಲ. ಹಾಸಿಗೆ ಸಿಗದವನು ಮನೆಯಲ್ಲಿ ಕೆಮ್ಮುತ್ತಾ ಸರದಿಗಾಗಿ ಕಾಯಬೇಕಿತ್ತು. ಹಾಸಿಗೆ ಸಿಕ್ಕವನ ಹೆಂಡತಿ ಮಕ್ಕಳು ಊರಿನಲ್ಲಿ ಉಪವಾಸ.

1956ರಲ್ಲಿ ಮದ್ರಾಸಿನಲ್ಲಿ, ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ, ಮದ್ರಾಸ್ ಸರ್ಕಾರ, ವಿಶ್ವ ಆರೋಗ್ಯ ಸಂಸ್ಥೆ ಮತ್ತು ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿಗಳು ಒಟ್ಟುಗೂಡಿ ಒಂದು ಕೇಂದ್ರವನ್ನು ತೆರೆದವು. ವಾಲೇಸ್ ಫಾಕ್ಸ್ ಎಂಬ ವೈದ್ಯರ ನೇತೃತ್ವದಲ್ಲಿ ನಗರದ ಬಡ ಬಡಾವಣೆಗಳ 193 ಕ್ಷಯರೋಗಿಗಳನ್ನು ಆಯ್ದು, ಚೀಟಿಯ ಕ್ರಮದಲ್ಲೇ ಎರಡು ಗುಂಪು ಮಾಡಲಾಯಿತು. ಒಂದು ಗುಂಪು ಸ್ಯಾನಿಟೋರಿಯಂಗೆ ಹೋಯಿತು. ಇನ್ನೊಂದು ಗುಂಪು ತಮ್ಮದೇ ಇಕ್ಕಟ್ಟಾದ ಮನೆಗಳಲ್ಲಿ ಉಳಿಯಿತು. ಇಬ್ಬರಿಗೂ ಒಂದೇ ಔಷಧಿಗಳು: ಐಸೋನಿಯಾಜಿಡ್ ಮತ್ತು ಪಿಎಎಸ್, ಒಂದು ವರ್ಷ. ಮನೆಯಲ್ಲಿದ್ದವರ ಆಹಾರ ಕಳಪೆಯಾಗಿತ್ತು, ವಿಶ್ರಾಂತಿ ಕಡಿಮೆ, ದುಡಿಮೆ ಹೆಚ್ಚು. ತಜ್ಞರ ಅನುಭವದ ಪ್ರಕಾರ ಅವರು ಸೋಲಲೇಬೇಕಿತ್ತು.

ವರ್ಷದ ಕೊನೆಯಲ್ಲಿ, ಕಫದಲ್ಲಿ ರೋಗಾಣುಗಳು ಕಾಣದೆ ರೋಗವು ಶಮನಗೊಂಡವರ ಪ್ರಮಾಣ ಸ್ಯಾನಿಟೋರಿಯಂನಲ್ಲಿ ಶೇ. 92, ಮನೆಯಲ್ಲಿ ಶೇ. 86. ಆಹಾರ, ಗಾಳಿ, ವಿಶ್ರಾಂತಿ ಎಲ್ಲದರಲ್ಲೂ ಇದ್ದ ಅಜಗಜಾಂತರಕ್ಕೆ ಹೋಲಿಸಿದರೆ ಈ ಅಂತರ ಎಷ್ಟು ಸಣ್ಣದು! ಮನೆಯವರಿಗೆ ರೋಗ ಹರಡುವುದೆಂಬ ಭಯವೂ ನಿಜವಾಗಲಿಲ್ಲ. ಚಿಕಿತ್ಸೆಯಲ್ಲಿದ್ದ ರೋಗಿಯನ್ನು ಮನೆಯಲ್ಲೇ ಇರಿಸಿಕೊಂಡ ಕುಟುಂಬಗಳಲ್ಲಿ, ಅವನನ್ನು ದೂರ ಕಳುಹಿಸಿದ ಕುಟುಂಬಗಳಿಗಿಂತ ಹೆಚ್ಚಾಗಿ ಕ್ಷಯ ಕಾಣಿಸಿಕೊಳ್ಳಲಿಲ್ಲ. 1959ರಲ್ಲಿ ಈ ಫಲಿತಾಂಶ ಪ್ರಕಟವಾದ ಮೇಲೆ ಜಗತ್ತಿನಾದ್ಯಂತ ಸ್ಯಾನಿಟೋರಿಯಂಗಳ ಯುಗ ಕೊನೆಗೊಳ್ಳತೊಡಗಿತು. ಅದೇ ವರ್ಷ ಬೆಂಗಳೂರಿನ ಬಳ್ಳಾರಿ ರಸ್ತೆಯಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಆರಂಭವಾಯಿತು. ರೋಗಿಗೆ ತನ್ನ ಊರಿನ ಹತ್ತಿರದ ಆಸ್ಪತ್ರೆಯಿಂದಲೇ ಮಾತ್ರೆ ಕೊಟ್ಟು ಮನೆಯಲ್ಲೇ ಗುಣಪಡಿಸುವ ರಾಷ್ಟ್ರೀಯ ಕಾರ್ಯಕ್ರಮದ ರೂಪುರೇಷೆ ಸಿದ್ಧವಾದದ್ದು ಅಲ್ಲಿ. ಇಂದು ಕ್ಷಯದಿಂದ ಗುಣಮುಖರಾಗಿ ಕೂಲಿಗೋ ಅಂಗಡಿಗೋ ಮರಳಿದ ಎಷ್ಟೋ ತಂದೆಯಂದಿರು, ಮದ್ರಾಸಿನ ಆ 193 ಬಡ ರೋಗಿಗಳಿಗೆ ಋಣಿಗಳು. ಅವರ ಹೆಸರುಗಳು ಯಾವ ಇತಿಹಾಸದಲ್ಲೂ ಇಲ್ಲ.

ಹಾಗೆಂದು ಅಲ್ಲಿ ಅನುಭವಕ್ಕೆ ಬೆಲೆಯಿರಲಿಲ್ಲವೆಂದು ತಿಳಿಯಬಾರದು. ಕೆಮ್ಮು ನಿಂತೊಡನೆ ರೋಗಿಯು ಮಾತ್ರೆ ಬಿಡುತ್ತಾನೆಂಬುದನ್ನು ಅರಿತಿದ್ದವರು ಮನೆಮನೆಗೆ ಅಲೆದ ಆರೋಗ್ಯ ಸಂದರ್ಶಕಿಯರು ಮತ್ತು ವೈದ್ಯರು. ಮುನ್ಸೂಚನೆಯಿಲ್ಲದೆ ಹೋಗಿ ಮಾತ್ರೆಗಳನ್ನು ಎಣಿಸಿದರು, ಮೂತ್ರ ಪರೀಕ್ಷೆ ಮಾಡಿಸಿದರು. ಎದುರಿನಲ್ಲಿ ನಿಂತು ಮಾತ್ರೆ ನುಂಗಿಸುವ ಪದ್ಧತಿಗೆ ದಾರಿಯಾದದ್ದು ಅದೇ ಕೇಂದ್ರದ ಮುಂದಿನ ಪ್ರಯೋಗಗಳು. ಯಾವ ಪ್ರಶ್ನೆಯನ್ನು ಪರೀಕ್ಷೆಗೆ ಒಡ್ಡಬೇಕೆಂದು ತೋರಿಸಿಕೊಟ್ಟದ್ದು ಅವರ ಅನುಭವವೇ.

ಇತ್ತೀಚಿನದನ್ನೂ ಹೇಳದಿದ್ದರೆ ಈ ಮಾತು ಅಪೂರ್ಣ. 2020ರ ಏಪ್ರಿಲ್‌ನಲ್ಲಿ ಕೋವಿಡ್‌ನಿಂದ ಗುಣವಾದವರ ಪ್ಲಾಸ್ಮಾವನ್ನು ರೋಗಿಗಳಿಗೆ ನೀಡುವ ಚಿಕಿತ್ಸೆ ನಮ್ಮ ದೇಶದಲ್ಲಿ ಆರಂಭವಾಯಿತು. ನೀಡಿದ ಕೆಲವರು ಚೇತರಿಸಿಕೊಂಡರು. ಖ್ಯಾತ ತಜ್ಞರು ಭರವಸೆಯ ಮಾತನಾಡಿದರು. ಟಿವಿ ಚಾನೆಲ್‌ಗಳು ಹಗಲಿರುಳು ನಿಂದಿಸುತ್ತಿದ್ದ ತಬ್ಲೀಗ್ ಜಮಾಅತ್‌ನ ಗುಣಮುಖ ಸದಸ್ಯರು ರಮಝಾನ್ ತಿಂಗಳಲ್ಲಿ ಮುಂದೆ ಬಂದು ಪ್ಲಾಸ್ಮಾ ದಾನ ಮಾಡಿದ್ದನ್ನು ನಾವ್ಯಾರೂ ಮರೆತಿಲ್ಲ. ಎರಡನೆಯ ಅಲೆಯಲ್ಲಿ ದಾನಿಗಳಿಗಾಗಿ ಎಷ್ಟು ಮನೆಗಳವರು ರಾತ್ರಿಯೆಲ್ಲ ಫೋನ್ ಹಿಡಿದು ಅತ್ತರೋ ಅಲ್ಲಾಹನೇ ಬಲ್ಲನು.

ಆದರೆ ಅಷ್ಟರಲ್ಲಿ ಉತ್ತರ ಬಂದಾಗಿತ್ತು. ದೇಶದ 39 ಆಸ್ಪತ್ರೆಗಳ 464 ರೋಗಿಗಳ ಮೇಲೆ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ನಡೆಸಿದ ಪ್ರಯೋಗದ ಫಲಿತಾಂಶ 2020ರ ಅಕ್ಟೋಬರ್‌ನಲ್ಲೇ ಪ್ರಕಟವಾಗಿತ್ತು. ರೋಗ ಉಲ್ಬಣಿಸಿದವರು ಅಥವಾ ಮೃತಪಟ್ಟವರು, ಪ್ಲಾಸ್ಮಾ ಪಡೆದ 235 ಮಂದಿಯಲ್ಲಿ 44, ಪಡೆಯದ 229 ಮಂದಿಯಲ್ಲಿ 41. ಅಂದರೆ ವ್ಯತ್ಯಾಸವೇ ಇಲ್ಲ. ಆದರೂ ಅನೇಕ ತಜ್ಞರು ತಾವು ಕಂಡ ರೋಗಿಗಳನ್ನೇ ನಂಬಿ ಚೀಟಿ ಬರೆಯುತ್ತಲೇ ಇದ್ದರು. ಅಧಿಕೃತ ಮಾರ್ಗಸೂಚಿಯಿಂದ ಪ್ಲಾಸ್ಮಾವನ್ನು ಕೈಬಿಟ್ಟದ್ದು 2021ರ ಮೇ ತಿಂಗಳಲ್ಲಿ. ದಾನಿಗಳ ಪುಣ್ಯಕ್ಕೆ ಇದರಿಂದ ಕೊರತೆಯಿಲ್ಲ. ದಾನಿಗಳಿಲ್ಲದಿದ್ದರೆ ಆ ಪ್ರಯೋಗವೂ ನಡೆಯುತ್ತಿರಲಿಲ್ಲ.

ಅದೇ ಕಾಲದ ಇನ್ನೊಂದು ಔಷಧಿಯನ್ನು ಇದರ ಪಕ್ಕದಲ್ಲಿಟ್ಟು ನೋಡಬೇಕು. ಡೆಕ್ಸಾಮೆಥಾಸೋನ್ ಎಂಬ ಅಗ್ಗದ ಸ್ಟೀರಾಯ್ಡ್ ಬಗ್ಗೆ ತಜ್ಞರಲ್ಲೇ ಒಮ್ಮತವಿರಲಿಲ್ಲ. ಬ್ರಿಟನ್ನಿನ ‘ರಿಕವರಿ’ ಪ್ರಯೋಗದಲ್ಲಿ, ವೆಂಟಿಲೇಟರ್ ಮೇಲಿದ್ದವರ ಪೈಕಿ ಅದನ್ನು ಪಡೆದವರಲ್ಲಿ ಶೇ. 29ರಷ್ಟು, ಪಡೆಯದವರಲ್ಲಿ ಶೇ. 41ರಷ್ಟು ಮಂದಿ 28 ದಿನಗಳೊಳಗೆ ತೀರಿಕೊಂಡರು. ಆದರೆ ಆಕ್ಸಿಜನ್ನಿನ ಅಗತ್ಯವೇ ಇಲ್ಲದವರಿಗೆ ಅದರಿಂದ ಪ್ರಯೋಜನ ಕಾಣಲಿಲ್ಲ. ಹಾನಿಯ ಸಾಧ್ಯತೆಯನ್ನೂ ತಳ್ಳಿಹಾಕಲಾಗಲಿಲ್ಲ. ಒಂದೇ ಮಾತ್ರೆ, ಒಂದೇ ಕಾಯಿಲೆ; ಎದುರಿಗಿರುವ ರೋಗಿ ಈ ಎರಡರಲ್ಲಿ ಯಾರೆಂದು ಹೇಳಬೇಕಾದದ್ದು ಹಾಸಿಗೆಯ ಪಕ್ಕದಲ್ಲಿ ನಿಂತ ವೈದ್ಯರು. ‘ಸ್ಟೀರಾಯ್ಡ್ ಒಳ್ಳೆಯದಂತೆ’ ಎಂಬ ಅರ್ಧ ಸುದ್ದಿ ಹಿಡಿದು, ಸಕ್ಕರೆ ಕಾಯಿಲೆ ಇದ್ದವರಿಗೂ ಮನೆಯಲ್ಲೇ ಅದನ್ನು ನುಂಗಿಸಿದ ಪರಿಣಾಮವನ್ನು 2021ರ ಬೇಸಿಗೆಯಲ್ಲಿ ಕರ್ನಾಟಕದ ಆಸ್ಪತ್ರೆಗಳ ಕಪ್ಪು ಶಿಲೀಂಧ್ರದ ವಾರ್ಡುಗಳಲ್ಲಿ ಕಂಡೆವು. ಪ್ರಯೋಗವು ಗುಂಪಿನ ಬಗ್ಗೆ ಮಾತ್ರ ಸಾಕ್ಷಿ ನುಡಿಯುತ್ತದೆ. ನನ್ನ ತಾಯಿ ಆ ಗುಂಪಿನವರಂತೆ ಇದ್ದಾರೆಯೇ ಎಂಬುದಕ್ಕೆ ಉತ್ತರಿಸಲು ಕಣ್ಣು, ಕೈ ಮತ್ತು ಅನುಭವ ಬೇಕು.

ಹಾಗಾಗಿ ‘ಈ ಚಿಕಿತ್ಸೆಯಿಂದ ಪ್ರಯೋಜನವಿದೆಯೇ’ ಎಂಬ ಪ್ರಶ್ನೆಗೆ ಒಬ್ಬರ ಅನುಭವಕ್ಕಿಂತ ನ್ಯಾಯವಾದ ಹೋಲಿಕೆಯ ಸಾಕ್ಷ್ಯವೇ ಮೇಲು. ‘ಇವರಿಗೆ, ಈಗ, ಇದು ಬೇಕೇ’ ಎಂಬ ಪ್ರಶ್ನೆಗೆ ಅನುಭವಿ ವೈದ್ಯರಿಲ್ಲದೆ ಗತಿಯಿಲ್ಲ. ಮೊದಲನೆಯ ಪ್ರಶ್ನೆಗೆ ತಮ್ಮ ಮೂವತ್ತು ವರ್ಷಗಳ ಅನುಭವವನ್ನೇ ಉತ್ತರವಾಗಿ ಕೊಡುವ ವೈದ್ಯರ ಮುಂದೆ ಕುಟುಂಬದ ಹಿರಿಯರು ವಿನಯದಿಂದಲೇ ಕೇಳಬಹುದು: ಡಾಕ್ಟರೇ, ಇದನ್ನು ಪಡೆದವರನ್ನೂ ಪಡೆಯದವರನ್ನೂ ಹೋಲಿಸಿ ನೋಡಿದ್ದಾರೆಯೇ? ಅದರಲ್ಲಿ ನಮ್ಮ ಅಬ್ಬಾನಷ್ಟು ವಯಸ್ಸಾದವರು, ಕಿಡ್ನಿ ತೊಂದರೆ ಇರುವವರು ಇದ್ದರೇ? ಏನೂ ಮಾಡದೆ ಒಂದು ವಾರ ಕಾದರೆ ಏನಾದೀತು? ಎಲ್ಲ ಕಾಯಿಲೆಗಳಿಗೂ ಪ್ರಯೋಗಗಳು ನಡೆದಿರುವುದಿಲ್ಲ. ಅಪರೂಪದ ಕಾಯಿಲೆಗಳಲ್ಲಿ, ತುರ್ತು ಗಳಿಗೆಯಲ್ಲಿ ಅನುಭವವೊಂದೇ ದಾರಿಯಾಗಿರುತ್ತದೆ. ಒಳ್ಳೆಯ ವೈದ್ಯರು ಆಗ ಹಾಗೆಂದೇ ಹೇಳುತ್ತಾರೆ.

ಕೊನೆಗಾಲದಲ್ಲಿ ರಾಝಿಯವರ ಕಣ್ಣಿಗೆ ಪೊರೆ ಬಂದು ದೃಷ್ಟಿ ಹೋಯಿತು. ಶಸ್ತ್ರಚಿಕಿತ್ಸೆಗೆಂದು ಬಂದ ಕಣ್ಣಿನ ವೈದ್ಯನೊಡನೆ ಅವರು, ಕಣ್ಣಿನಲ್ಲಿ ಎಷ್ಟು ಪದರಗಳಿವೆಯೆಂದು ಕೇಳಿದರಂತೆ. ಅವನಿಗೆ ಉತ್ತರ ತಿಳಿದಿರಲಿಲ್ಲ. ಅದನ್ನರಿಯದವನ ಉಪಕರಣವು ತನ್ನ ಕಣ್ಣನ್ನು ಮುಟ್ಟಕೂಡದೆಂದು ಹೇಳಿ ಅವನನ್ನು ಕಳುಹಿಸಿಬಿಟ್ಟರೆಂಬ ಕಥೆಯು ಅವರ ಜೀವನಚರಿತ್ರೆಗಳಲ್ಲಿ ಪ್ರಸಿದ್ಧವಾಗಿದೆ.